ಹುಡುಕುವ ಹೊಣೆ ಯಾರದು?

ಪ್ರತಿವರ್ಷ ಮೇ ತಿಂಗಳ ಕೊನೆಯ ಇಲ್ಲವೆ ಜೂನ್ ತಿಂಗಳ ಮೊದಲ ದಿನಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳು ತಳಿರು ತೋರಣ ಕಟ್ಟಿಕೊಂಡು ಬಾಗಿಲು ತೆರೆಯುತ್ತವೆ. ಪ್ರಾರಂಭೋತ್ಸವದ ಸಿಹಿಯೂಟ, ಮಕ್ಕಳ ಜಾಥಾ, ದಾಖಲಾತಿ ಆಂದೋಲನದ ಭಿತ್ತಿಪತ್ರ, ಶಿಕ್ಷಕರ ಮನೆಭೇಟಿ ಎಲ್ಲವೂ ಆ ಕೆಲವೇ ವಾರಗಳಲ್ಲಿ ನಡೆದುಹೋಗುತ್ತವೆ. ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಶಾಲೆಗಳಲ್ಲೂ ಇದೇ ಕ್ರಮ. ಆದರೆ ಶಾಲೆಯಿಂದ ಹೊರಗುಳಿದ ಯಾವ ಮಕ್ಕಳಿಗಾಗಿ ಈ ಆಂದೋಲನವೋ ಅವರಲ್ಲಿ ಅನೇಕರು ಆ ವಾರಗಳಲ್ಲಿ ನಗರದಲ್ಲೇ ಇರುವುದಿಲ್ಲ. ಅವರ ತಂದೆತಾಯಿಯರು ಕಾರಹುಣ್ಣಿಮೆಗೂ ಮುಂಗಾರು ಬಿತ್ತನೆಗೂ ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯ ತಮ್ಮ ಊರುಗಳಿಗೆ ಮರಳಿರುತ್ತಾರೆ. ಅವರು ಮತ್ತೆ ಬೆಂಗಳೂರಿನ ಬಸ್ಸು ಹತ್ತುವ ಹೊತ್ತಿಗೆ ತೋರಣ ಒಣಗಿ, ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ಬರೆದಾಗಿ, ಆಂದೋಲನದ ವರದಿ ಮೇಲಿನ ಕಚೇರಿಗೆ ತಲುಪಿಯಾಗಿರುತ್ತದೆ.

ಇದನ್ನು ಯಾರದೋ ಅಸಡ್ಡೆ ಎಂದು ಬೈದು ಕೈತೊಳೆದುಕೊಳ್ಳುವಂತಿಲ್ಲ. ಶಿಕ್ಷಕರು ಬಿಸಿಲಿನಲ್ಲಿ ಅಲೆದದ್ದು ನಿಜ. ಮಕ್ಕಳು ಸಿಗಲಿಲ್ಲವೆಂಬುದೂ ನಿಜ. ತಪ್ಪಿರುವುದು ಹುಡುಕಾಟದ ಯೋಜನೆ. ಮನೆಯ ಬಾಗಿಲ ಸಂಖ್ಯೆಯನ್ನು ಹಿಡಿದು, ಶಾಲೆಯ ಕ್ಯಾಲೆಂಡರನ್ನು ನೋಡಿ ಹೊರಟವರಿಗೆ, ಬಾಗಿಲೇ ಇಲ್ಲದ ಮನೆಯಲ್ಲಿ ಬೆಳೆಯ ಕ್ಯಾಲೆಂಡರಿನಂತೆ ಬದುಕುವ ಮಗು ಸಿಗುವುದಾದರೂ ಹೇಗೆ? ನಮ್ಮ ಬಳಗದ ಬೆಂಗಳೂರಿನ ಗೆಳೆಯರು ಈ ನಾಲ್ಕು ಬಡಾವಣೆಗಳಲ್ಲಿ ವಲಸೆ ಕುಟುಂಬಗಳ ಮಕ್ಕಳನ್ನು ಗುರುತಿಸುವ ಕೆಲಸಕ್ಕೆ ಸಿದ್ಧತೆ ನಡೆಸಿರುವುದರಿಂದ, ಆ ಕೆಲಸ ಹೇಗಿರಬೇಕೆಂಬ ಬಗ್ಗೆ ಕೆಲವು ಮಾತುಗಳನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇವೆ.

ಕಾಡು, ಹೊಳೆ, ಕಾನು, ಬೆಟ್ಟಗಳ ಬಗ್ಗೆ ಬರೆಯುವ ಈ ಪತ್ರಿಕೆಗೆ ಬೆಂಗಳೂರಿನ ಮಕ್ಕಳ ಗೊಡವೆ ಯಾಕೆಂದು ಕೆಲವು ಓದುಗರು ಕೇಳಬಹುದು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ವಿರುದ್ಧ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆದಾಗ ನಾವೆಲ್ಲ ಬೀದಿಗಿಳಿದವರು. ನಗರವು ದೂರದ ಊರಿನಿಂದ ಏನನ್ನು ತರಿಸಿಕೊಳ್ಳುತ್ತದೆ, ಅದಕ್ಕೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಯನ್ನು ಅಂದು ಎತ್ತಿದೆವು. ನೀರು, ಮರಳು, ವಿದ್ಯುತ್ತಿನ ವಿಷಯದಲ್ಲಿ ಕೇಳಿದ ಆ ಪ್ರಶ್ನೆಯನ್ನು ಮನುಷ್ಯರ ವಿಷಯದಲ್ಲಿ ಕೇಳದಿರುವುದು ಸರಿಯಲ್ಲ. ಮೇಲಾಗಿ, ನೆಲ ಕಳೆದುಕೊಂಡ ಕುಟುಂಬದಲ್ಲಿ ಮಕ್ಕಳ ಓದು ಎಷ್ಟು ಸುಲಭವಾಗಿ ಕಡಿದುಹೋಗುತ್ತದೆ ಎಂಬುದನ್ನು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಮನೆಗಳಲ್ಲಿ ಕೇಳಿ ತಿಳಿದವರು ನಾವು.

ಬೆಂಗಳೂರಿಗೆ ಬರುವ ಈ ಕುಟುಂಬಗಳು ಬಿಟ್ಟುಬರುವ ನೆಲವನ್ನೂ ಒಮ್ಮೆ ನೋಡಬೇಕು. ಕಲ್ಯಾಣ ಕರ್ನಾಟಕದ ಎರೆಭೂಮಿಯಲ್ಲಿ ಮಳೆಯಾಶ್ರಿತ ಹಿಡುವಳಿಗೆ ತೊಗರಿಯೇ ಆಧಾರ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಹತ್ತಿಯನ್ನು ಅಕ್ಟೋಬರಿನಿಂದ ಬಿಡಿಸತೊಡಗುತ್ತಾರೆ. ಹಿಂಗಾರಿನ ಬಿಳಿಜೋಳ ಫೆಬ್ರವರಿಯ ವೇಳೆಗೆ ಕಟಾವಾಗುತ್ತದೆ. ಆಮೇಲೆ ಮುಂದಿನ ಮುಂಗಾರಿನವರೆಗೆ ಹೊಲದಲ್ಲಿ ಕೆಲಸವಿಲ್ಲ. ಕೃಷ್ಣಾ ಮೇಲ್ದಂಡೆಯ ಕಾಲುವೆ ನೀರು ಕಂಡ ಊರುಗಳಲ್ಲಿ ಎರಡು ಬೆಳೆಯ ಮಾತು ಕೇಳಬಹುದು; ಕಾಲುವೆಯ ಕೊನೆಯಂಚಿನವರಿಗೂ ಕಾಲುವೆಯನ್ನೇ ಕಾಣದವರಿಗೂ ಆ ಮಾತಿಲ್ಲ. ಒಂದೆರಡು ಎಕರೆಯ ರೈತ ಬಿತ್ತನೆಗೆ ಸಾಲ ಮಾಡಿ, ಮಳೆ ಕೈಕೊಟ್ಟ ವರ್ಷ ಆ ಸಾಲ ತೀರಿಸಲು ಗಾರೆ ಕೆಲಸಕ್ಕೆ ಹೊರಡುತ್ತಾನೆ. ಹೆಂಡತಿಯೂ ಜತೆಗೆ ಹೊರಟರೆ ಮಕ್ಕಳೂ ಹೊರಡುತ್ತಾರೆ. ಅಜ್ಜಿ ಗಟ್ಟಿಯಾಗಿದ್ದ ಮನೆಯಲ್ಲಿ ಮಾತ್ರ ಒಂದಿಬ್ಬರು ಊರಿನ ಶಾಲೆಯಲ್ಲಿ ಉಳಿಯುತ್ತಾರೆ. ಮಗುವಿನ ಓದು ನಿಲ್ಲುವುದೂ ಮುಂದುವರಿಯುವುದೂ ಹೀಗೆ ಮಳೆಯನ್ನೂ ಅಜ್ಜಿಯ ಆರೋಗ್ಯವನ್ನೂ ಅವಲಂಬಿಸಿದೆ.

ನಗರದಲ್ಲಿ ಇವರು ಇರುವ ಬಗೆ ಬಡಾವಣೆಯಿಂದ ಬಡಾವಣೆಗೆ ಬೇರೆ. ಹೊರವಲಯದಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳು ಏಳುವೆಡೆ ನೂರಾರು ತಗಡಿನ ಶೆಡ್ಡುಗಳ ಕ್ಯಾಂಪುಗಳಿರುತ್ತವೆ. ಅಲ್ಲಿ ಹುಡುಕುವುದು ತುಲನಾತ್ಮಕವಾಗಿ ಸುಲಭ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಂಥ ಹಳೆಯ ಬಡಾವಣೆಗಳ ಚಿತ್ರ ಬೇರೆಯೇ. ಅಲ್ಲಿ ಕಟ್ಟಲು ಹೊಸ ಬಯಲಿಲ್ಲ. ಹಳೆಯ ಹೆಂಚಿನ ಇಲ್ಲವೆ ಒಂದಂತಸ್ತಿನ ಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ನಾಲ್ಕಂತಸ್ತು ಏರಿಸುವುದೇ ಕೆಲಸ. ಅಂಥ ಪ್ರತಿಯೊಂದು ಕಟ್ಟಡದ ಸಿಮೆಂಟು, ಕಬ್ಬಿಣ ಕಾಯಲು ಒಂದು ಕುಟುಂಬವನ್ನು ಇರಿಸುತ್ತಾರೆ. ಗಂಡ ವಾಚ್‌ಮನ್, ಹೆಂಡತಿ ಗೋಡೆಗೆ ನೀರು ಹಾಯಿಸುವವಳು, ಸಂಸಾರ ಮೊದಲು ತಗಡಿನ ಶೆಡ್ಡಿನಲ್ಲಿ, ಆಮೇಲೆ ಕದವಿಲ್ಲದ ನೆಲಮಾಳಿಗೆಯಲ್ಲಿ. ಗೃಹಪ್ರವೇಶ ಸಮೀಪಿಸಿದಂತೆ ಅವರು ಮೇಸ್ತ್ರಿ ತೋರಿಸಿದ ಮುಂದಿನ ನಿವೇಶನಕ್ಕೆ ಹೋಗುತ್ತಾರೆ. ಬನಶಂಕರಿ ಎರಡನೆಯ ಹಂತದಲ್ಲಿದ್ದ ಮಗು ಮುಂದಿನ ವರ್ಷ ಜೆ.ಪಿ. ನಗರದ ಏಳನೆಯ ಹಂತದಲ್ಲಿರುತ್ತದೆ. ಒಂದು ಬೀದಿಯಲ್ಲಿ ಒಂದು ಮಗು, ಇನ್ನೊಂದು ಬೀದಿಯಲ್ಲಿ ಎರಡು. ಗುಂಪಾಗಿಲ್ಲದ ಕಾರಣ ಕಣ್ಣಿಗೆ ಬೀಳುವುದಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರನ್ನು ಸೇರಿಸಿಕೊಂಡ ಬಿ.ಟಿ.ಎಂ. ಬಡಾವಣೆಯಲ್ಲಿ ಇದರ ಜತೆಗೆ ಬಾಡಿಗೆ ವಠಾರಗಳಲ್ಲಿ ತಂಗುವ ಬಂಗಾಳ, ಬಿಹಾರ, ಒಡಿಶಾ, ಆಂಧ್ರದ ಕುಟುಂಬಗಳೂ ಸೇರಿಕೊಳ್ಳುತ್ತವೆ.

ಕಾನೂನು ಏನು ಹೇಳುತ್ತದೆ? 2002ರಲ್ಲಿ ಸಂವಿಧಾನಕ್ಕೆ ಆದ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದರಂತೆ ರೂಪುಗೊಂಡ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಈ ಕಾಯ್ದೆಯ 9ನೆಯ ಕಲಮನ್ನು ನಮ್ಮ ಕಾರ್ಯಕರ್ತರೆಲ್ಲ ಓದಿಕೊಳ್ಳಬೇಕು. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಅದು ಹೇಳುತ್ತದೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದನ್ನು ಅದೇ ಕಲಮು ಪ್ರತ್ಯೇಕವಾಗಿ ಹೆಸರಿಸಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ; ಶಾಲಾ ವರ್ಷದ ನಡುವೆ ಬಂದರೆಂದು ನಿರಾಕರಿಸುವಂತಿಲ್ಲ; ವರ್ಗಾವಣೆ ಪತ್ರ ತಡವಾಯಿತೆಂದು ಕಾಯಿಸುವಂತಿಲ್ಲ. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಮಟ್ಟಕ್ಕೆ ತರಲು ವಿಶೇಷ ತರಬೇತಿ ನೀಡಬೇಕು. ಆಧಾರ್ ಇಲ್ಲವೆಂಬ ಕಾರಣವೂ ಸಲ್ಲದು: ಬೆಂಗಳೂರಿನವರೇ ಆಗಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲಿ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲವೆಂದು ತೀರ್ಪಿತ್ತಿದೆ.

ಅಂದರೆ, ಹುಡುಕಿ ಸೇರಿಸುವ ಹೊಣೆಯನ್ನು ಕಾನೂನು ಪಾಲಿಕೆಯ ಮೇಲೆ ಇರಿಸಿದೆ. ಆದರೆ ವ್ಯವಹಾರದಲ್ಲಿ ಈ ಹೊಣೆ ತಲೆಕೆಳಗಾಗಿ, ಅಕ್ಷರ ಬಾರದ ತಾಯಿಯೊಬ್ಬಳು ಶಾಲೆಯನ್ನು ಹುಡುಕಿ, ಕಾಗದ ಹೊಂದಿಸಿ, ಒಂದು ದಿನದ ಕೂಲಿ ಬಿಟ್ಟು ಮುಖ್ಯೋಪಾಧ್ಯಾಯರ ಎದುರು ನಿಲ್ಲಬೇಕಾದ ಸ್ಥಿತಿ ಬಂದಿದೆ. ಈ ಅದಲುಬದಲನ್ನು ಸರಿಪಡಿಸುವುದೇ ನಮ್ಮ ಕೆಲಸದ ತಿರುಳಾಗಬೇಕು. ನಾವು ಸಿದ್ಧಪಡಿಸುವ ಪಟ್ಟಿ ಪಾಲಿಕೆಯ ಕೆಲಸಕ್ಕೆ ಬದಲಿಯಾಗದೆ, ಪಾಲಿಕೆಯ ಮುಂದೆ ಲಿಖಿತವಾಗಿ ಇಡುವ ಹಕ್ಕೊತ್ತಾಯವಾಗಬೇಕು.

ಈ ಮಕ್ಕಳು ಲೆಕ್ಕ ತಪ್ಪಿಸಿಕೊಂಡಿರುವುದು ಇಂದು ನಿನ್ನೆಯಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರನ್ನು ಮಾತ್ರ ಕಂಡಿತು. ಐನೂರು ಕಿಲೋಮೀಟರಿನಷ್ಟು ದೂರದ ಯಾದಗಿರಿಯಿಂದ ಬಂದವನು ಗಡಿ ದಾಟದ ಕಾರಣ ಅದರ ಲೆಕ್ಕಕ್ಕೆ ಬರಲಿಲ್ಲ. 2013ರಲ್ಲಿ ಪತ್ರಿಕಾ ವರದಿಯೊಂದನ್ನು ಆಧರಿಸಿ ರಾಜ್ಯದ ಹೈಕೋರ್ಟು ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಕರಣವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಮಗು ಸತತ ಏಳು ದಿನ ಗೈರಾದರೆ ಶಾಲೆ ವಿಚಾರಿಸಬೇಕೆಂಬ ನಿಯಮ ಬಂದದ್ದು ಅದರ ಫಲ. ಅದು ದೊಡ್ಡ ಹೆಜ್ಜೆಯೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಗು ಮಾತ್ರ ಗೈರಾಗಬಲ್ಲದು; ಹೆಸರೇ ಇಲ್ಲದ ಮಗುವಿನ ಗೈರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಈಗ ಬೆಂಗಳೂರಿನ ಆಡಳಿತವೇ ಮಗ್ಗುಲು ಬದಲಿಸಿದೆ. ಬೃಹತ್ ಮಹಾನಗರ ಪಾಲಿಕೆ ಹೋಗಿ, 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ವಾರ್ಡುಗಳ ಗಡಿಯೂ ಬದಲಾಗಿದೆ. ಹಳೆಯ ಕಡತ ಒಂದೆಡೆ, ಹೊಸ ಅಧಿಕಾರಿ ಇನ್ನೊಂದೆಡೆ ಇರುವ ಇಂಥ ಹೊತ್ತಿನಲ್ಲಿ ಎಲ್ಲರಿಗಿಂತ ಮೊದಲು ಕೈತಪ್ಪುವವರು ವಿಳಾಸವಿಲ್ಲದವರೇ. ಹೊಸ ಪಾಲಿಕೆಗಳು ತಮ್ಮ ದಾಖಲೆಗಳನ್ನು ಮೊದಲಿಂದ ಬರೆಯುತ್ತಿರುವಾಗ ಈ ಮಕ್ಕಳ ಹೆಸರು ಅದರಲ್ಲಿ ಸೇರುವಂತೆ ನೋಡಿಕೊಳ್ಳುವುದಕ್ಕೂ ಇದೇ ಹೊತ್ತು.

ಇನ್ನು ಹುಡುಕುವ ವಿಧಾನ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳನ್ನು ನಮ್ಮ ಓದುಗರು ಬಲ್ಲರು. 2000ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಅಲ್ಲಿಯದೇ ಹೆಸರನ್ನು ಹೊತ್ತಿದೆ. ಇಂಥ ವಿರಳ ಮರವನ್ನು ಹುಡುಕುವಾಗ ಕಾಡನ್ನೆಲ್ಲ ಚೌಕಗಳಾಗಿ ಹಂಚಿ ಅಲ್ಲೊಂದು ಇಲ್ಲೊಂದು ಚೌಕ ನೋಡಿದರೆ ಬಹುತೇಕ ಚೌಕಗಳು ಬರಿದಾಗಿರುತ್ತವೆ, ಮರವೇ ಇಲ್ಲವೆಂಬ ತೀರ್ಮಾನಕ್ಕೆ ಬರುತ್ತೇವೆ. ನೀರು ನಿಲ್ಲುವ ಕಡೆ ಅದು ಬೆಳೆಯುತ್ತದೆಂದು ತಿಳಿದವನು ಹಳ್ಳದ ಗುಂಟ ನಡೆಯುತ್ತಾನೆ. ಒಂದು ಕಂಡಲ್ಲಿ ನಿಂತು ಸುತ್ತಮುತ್ತ ಪೂರ್ತಿ ನೋಡುತ್ತಾನೆ. ಆ ಕಾಡಿನಲ್ಲಿ ಓಡಾಡುವ ಹಿರಿಯರನ್ನು ಕೇಳುತ್ತಾನೆ. ಸಮೀಕ್ಷಾ ಶಾಸ್ತ್ರವೂ ವಿರಳವಾಗಿ ಹಂಚಿಹೋದುದನ್ನು ಎಣಿಸಲು ಹೀಗೆ ಕಂಡಲ್ಲಿಂದ ಹಬ್ಬುವ ಕ್ರಮವನ್ನೇ ಸೂಚಿಸುತ್ತದೆ. ಮನೆಮನೆ ಗಣತಿಯ ಬದಲು ದಕ್ಷಿಣ ಬೆಂಗಳೂರಿನಲ್ಲಿ ನಾವು ಅನುಸರಿಸಬೇಕಾದದ್ದು ಇದನ್ನೇ.

ನಗರದಲ್ಲಿ ಈ ಹಳ್ಳದ ಗುಂಟ ಯಾವುದು? ಕೆಲಸ ಇರುವಲ್ಲಿ ಮಗು ಇರುತ್ತದೆ. ಕೆಲಸ ಎಲ್ಲಿದೆಯೆಂಬುದಕ್ಕೆ ಬರಹದ ಕುರುಹುಗಳಿವೆ. ಕಟ್ಟಡ ಕಟ್ಟುವವರು ನಕ್ಷೆಗೆ ಪಾಲಿಕೆಯ ಮಂಜೂರಾತಿ ಪಡೆಯಬೇಕು. ಕಾಮಗಾರಿಗೆ ಬೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕ ಪಡೆಯಬೇಕು. ಕಟ್ಟಡದ ವೆಚ್ಚದ ಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಶೇಕಡಾ 1ರ ಸುಂಕ ಕಟ್ಟಬೇಕು. ಕಾರ್ಮಿಕರನ್ನು ತೋರಿಸದ ಈ ಮೂರು ಕಡತಗಳು ಕಾರ್ಮಿಕರು ಇರಬಹುದಾದ ಜಾಗವನ್ನು ತೋರಿಸುತ್ತವೆ. ಯಾವ ವಾರ್ಡಿನಲ್ಲಿ ಯಾವ ನಿವೇಶನಗಳಲ್ಲಿ ಕಾಮಗಾರಿ ನಡೆದಿದೆ ಎಂಬಷ್ಟು ಮಾಹಿತಿಯನ್ನು ಮಾಹಿತಿ ಹಕ್ಕಿನಡಿ ಕೇಳಲು ಸಾಧ್ಯವಿದೆ. ಕಾಗದದಲ್ಲಿಲ್ಲದ್ದನ್ನು ಬಲ್ಲವರೂ ಇದ್ದಾರೆ: ಟ್ಯಾಂಕರ್ ಚಾಲಕರು, ಜಲ್ಲಿ ಮರಳು ಇಳಿಸುವವರು, ಬೀದಿ ತುದಿಯ ಚಹಾದಂಗಡಿಯವರು, ಬೆಳಗಿನ ಜಾವ ಕಸ ಗುಡಿಸುವ ಪೌರಕಾರ್ಮಿಕರು, ಲಸಿಕೆಗಾಗಿ ಕೂಸುಗಳನ್ನು ಹುಡುಕಿಕೊಂಡು ಹೋಗುವ ಆಶಾ ಕಾರ್ಯಕರ್ತೆಯರು. ಇವರಲ್ಲಿ ಒಬ್ಬೊಬ್ಬರಿಗೂ ತಮ್ಮ ಬೀದಿಯ ಕಟ್ಟಡಗಳಲ್ಲಿ ಎಷ್ಟು ಮಕ್ಕಳಿವೆಯೆಂಬುದು ಬಾಯಿಪಾಠ. ಒಂದು ಕುಟುಂಬ ಸಿಕ್ಕಿದರೆ ಅವರ ಊರಿನವರು ಇನ್ನೆಲ್ಲಿ ಕೆಲಸಕ್ಕಿದ್ದಾರೆಂದು ಕೇಳಿದಾಗ ಇನ್ನೂ ನಾಲ್ಕು ವಿಳಾಸಗಳು ತೆರೆದುಕೊಳ್ಳುತ್ತವೆ.

ಸಮಯದ ವಿಷಯ ಇದಕ್ಕಿಂತಲೂ ಮುಖ್ಯ. ಬಿತ್ತನೆ ಮುಗಿಸಿ ಜನ ಮರಳುವ ಜುಲೈ ಕೊನೆಯಿಂದ ಆಗಸ್ಟ್‌ವರೆಗಿನ ಅವಧಿ ಮೊದಲ ಸುತ್ತು. ಕಲ್ಯಾಣದ ಊರುಗಳಲ್ಲಿ ಜಾತಿಮತ ಭೇದವಿಲ್ಲದೆ ನಡೆಯುವ ಮೊಹರಂ ಈ ಕೆಲವು ವರ್ಷ ಜೂನ್–ಜುಲೈನಲ್ಲೇ ಬೀಳುತ್ತಿರುವುದರಿಂದ, ಅದನ್ನು ಮುಗಿಸಿಕೊಂಡೇ ಅನೇಕರು ಹೊರಡುತ್ತಾರೆ. ದೀಪಾವಳಿ ಕಳೆದ ಮೇಲಿನ ನವೆಂಬರ್ ಎರಡನೆಯ ಸುತ್ತು. ತೊಗರಿ ಕೊಯ್ಲಿಗೆ ಊರಿಗೆ ಹೋಗುವವರಾರು, ಇಲ್ಲೇ ಉಳಿಯುವವರಾರು ಎಂಬುದು ಆಗ ಗೊತ್ತಾಗುತ್ತದೆ. ಮೂರನೆಯದು ಫೆಬ್ರವರಿ. ಸುಗ್ಗಿ ಮುಗಿಸಿ ಹೊಸದಾಗಿ ಬರುವ ಕುಟುಂಬಗಳು ಆಗ ನಗರಕ್ಕೆ ಇಳಿಯುತ್ತವೆ. ಶಾಲೆಗೆ ಮಾತ್ರ ಅದು ಪರೀಕ್ಷೆಯ ಹೊತ್ತು. ಇನ್ನೆರಡು ತಿಂಗಳಿಗೆ ಸೇರಿಸಿಕೊಂಡು ಏನು ಪ್ರಯೋಜನ, ಜೂನ್‌ನಲ್ಲಿ ಬನ್ನಿ ಎಂಬ ಉತ್ತರ ಬರುವುದು ಆಗಲೇ. ಜೂನ್‌ನಲ್ಲಿ ಅವರು ಊರಲ್ಲಿರುತ್ತಾರೆ. ಹೀಗೆ ಒಂದು ಉತ್ತರದಿಂದ ಮಗುವಿನ ಒಂದು ವರ್ಷ ಹೋಗುತ್ತದೆ; ಎರಡು ಬಾರಿ ಅದೇ ಉತ್ತರ ಕೇಳಿದ ಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದು ಅಪರೂಪ. ಕಾನೂನಿನ ಪ್ರಕಾರ ವರ್ಷದ ಯಾವ ದಿನವಾದರೂ ದಾಖಲಾತಿಯ ದಿನವೇ ಎಂಬುದನ್ನು ಫೆಬ್ರವರಿಯಲ್ಲಿ ಒತ್ತಿ ಹೇಳಬೇಕಾಗುತ್ತದೆ. ಬಂಗಾಳ, ಬಿಹಾರದ ಕುಟುಂಬಗಳಿಗೆ ಬೇರೆ ಹಬ್ಬ, ಬೇರೆ ಸುಗ್ಗಿ. ಅವರ ಪಂಚಾಂಗವನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು.

ಭೇಟಿಯ ಬಗೆಗೂ ಎಚ್ಚರ ಬೇಕು. ಪುಸ್ತಕ ಪೆನ್ನು ಹಿಡಿದು ಶೆಡ್ಡಿನ ಮುಂದೆ ನಿಂತವರನ್ನು ಕಂಡರೆ ಈ ಜನರಿಗೆ ಭಯವಾಗಲು ಕಾರಣವಿದೆ. 2020ರ ಜನವರಿಯಲ್ಲಿ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಪರದೇಶದವರೆಂಬ ಶಂಕೆಯ ಮೇಲೆ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಊರಿಗೆ ಮರಳಲು ರೈಲಿಗಾಗಿ ಕಾದಿದ್ದ ಹೊರರಾಜ್ಯದ ಕಾರ್ಮಿಕರ ರೈಲುಗಳನ್ನು ಸರ್ಕಾರ ರದ್ದುಪಡಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಪಟ್ಟಿಯಲ್ಲಿ ಹೆಸರು ಬರೆಸಿದರೆ ಏನಾದೀತೆಂದು ಇಂಥದ್ದನ್ನು ಕಂಡವರು ಅಂಜುವುದು ಸಹಜ. ಆದ್ದರಿಂದ ನಮ್ಮ ಪ್ರಶ್ನೆಗಳು ಕೆಲವೇ ಇರಲಿ: ಮಗುವಿನ ಹೆಸರು, ಅಂದಾಜು ವಯಸ್ಸು, ಮನೆಮಾತು, ಹಿಂದೆ ಓದಿದ ಊರು ಮತ್ತು ತರಗತಿ, ಇಲ್ಲಿಗೆ ಬಂದ ತಿಂಗಳು, ಹೊರಡುವ ಅಂದಾಜು. ಆಧಾರ್ ಸಂಖ್ಯೆ, ಮತ, ಮೇಸ್ತ್ರಿಯ ಹೆಸರು, ಸಂಬಳ ಕೇಳಕೂಡದು, ಚಿತ್ರ ತೆಗೆಯಕೂಡದು. ಪಟ್ಟಿ ಶಾಲೆಗೂ ಪಾಲಿಕೆಯ ಶಿಕ್ಷಣದ ಹೊಣೆ ಹೊತ್ತವರಿಗೂ ಹೊರತು ಬೇರೆ ಯಾರ ಕೈಗೂ ಹೋಗಬಾರದು. ತಂಡದಲ್ಲಿ ಒಬ್ಬ ಹೆಣ್ಣುಮಗಳು, ಆ ಸೀಮೆಯ ಕನ್ನಡವನ್ನೋ ಲಂಬಾಣಿಯನ್ನೋ ತೆಲುಗು ಹಿಂದಿಯನ್ನೋ ಆಡಬಲ್ಲ ಒಬ್ಬರು ಇರಲೇಬೇಕು. ಹೋಗುವುದು ಕೆಲಸ ಮುಗಿದ ಸಂಜೆ, ಇಲ್ಲವೆ ವಾರದ ಬಟವಾಡೆಯಾದ ಮರುದಿನ.

ಸುತ್ತಾಟ ಆರಂಭಿಸಿದವರಿಗೆ ಬೇಗನೆ ಎದುರಾಗುವ ಒಂದು ಸತ್ಯವಿದೆ. ಎಂಟು ಒಂಬತ್ತು ವರ್ಷದ ಹುಡುಗಿ ಶಾಲೆಗೆ ಹೋಗದಿರುವುದಕ್ಕೆ ಬಹಳ ಸಲ ಅವಳ ಸೊಂಟದ ಮೇಲಿನ ಕೂಸೇ ಕಾರಣ. ತಾಯಿ ಇಟ್ಟಿಗೆ ಹೊರುವಾಗ ಕೂಸನ್ನು ಕಬ್ಬಿಣದ ಸರಳು, ನೀರಿನ ತೊಟ್ಟಿಗಳ ನಡುವೆ ಬಿಡಲಾಗದು. ಅಕ್ಕನನ್ನು ಶಾಲೆಗೆ ಕಳಿಸಿ ಎಂದು ಹೇಳುವ ಮೊದಲು ತಮ್ಮನನ್ನು ನೋಡಿಕೊಳ್ಳುವವರಾರು ಎಂಬುದಕ್ಕೆ ಉತ್ತರ ಬೇಕು. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಾಬ್ದಿಯ ಪ್ರದರ್ಶನಕ್ಕೆ ಕಟ್ಟಡಗಳು ಏಳುತ್ತಿದ್ದಾಗ ಕೂಲಿಗಳ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಒಂದು ಡೇರೆಯಲ್ಲಿ ಶಿಶುಪಾಲನಾ ಕೇಂದ್ರ ತೆರೆದರು. ಮೊಬೈಲ್ ಕ್ರೆಷಸ್ ಸಂಸ್ಥೆ ಹುಟ್ಟಿದ್ದು ಹಾಗೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ತಿ. ನರಸೀಪುರದಲ್ಲಿ ಆರಂಭವಾಯಿತು. ಇಂದು ಅಂಗನವಾಡಿಗಳು ಇವೆ, ಆದರೆ ಗಾರೆ ಕೆಲಸ ಮುಗಿಯುವ ಮೊದಲೇ ಅವು ಮುಚ್ಚುತ್ತವೆ. ಕಟ್ಟಡದ ಸುಂಕದ ಹಣದಿಂದ ಹಳೆಯ ಬಡಾವಣೆಗಳ ಒಳಗೂ ಸಂಜೆಯವರೆಗೆ ತೆರೆದಿರುವ ಶಿಶುಪಾಲನಾ ಕೇಂದ್ರಗಳನ್ನು ನಡೆಸಬೇಕೆಂಬ ಬೇಡಿಕೆ ನಮ್ಮ ಪಟ್ಟಿಯೊಂದಿಗೇ ಹೋಗಬೇಕು. ಹುಡುಗಿಯ ಶಾಲೆಯ ಬಾಗಿಲು ಕೂಸಿನ ತೊಟ್ಟಿಲ ಮೂಲಕ ತೆರೆಯುತ್ತದೆ.

ಶಾಲೆಯ ಒಳಗಿನ ಸಂಗತಿಗಳನ್ನೂ ಮರೆಯಬಾರದು. ಸುರಪುರದ ಮಗು ಆಡುವ ಕನ್ನಡ ಕೇಳಿ ತರಗತಿ ನಕ್ಕರೆ ಅದು ಮರುದಿನ ಬರುವುದಿಲ್ಲ. ಮತ್ತೊಂದೆಡೆ ನಮ್ಮಲ್ಲೇ ಒಂದು ಒಳ್ಳೆಯ ಸಾಧನವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯಲ್ಲಿ ತಾನು ನಿಂತ ಮೆಟ್ಟಿಲಿನಿಂದ ಮುಂದುವರಿಯುತ್ತದೆ. ಮೂರು ತಿಂಗಳು ಇಲ್ಲದ ಮಗುವಿಗೆ ಪಾಠ ತಪ್ಪಿಹೋಯಿತೆಂಬ ಮಾತು ಅದರಲ್ಲಿಲ್ಲ. ಮಗು ಊರಿಗೆ ಹೊರಡುವಾಗ ಯಾವ ಮೆಟ್ಟಿಲಿನಲ್ಲಿತ್ತೆಂಬುದನ್ನೂ ಶಾಲಾ ದಾಖಲೆಯ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗಿತ್ತು, ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಫೋನ್ ಮಾಡಿದರೆ ಎರಡು ಶಾಲೆಗಳ ನಡುವೆ ಸೇತುವೆಯಾಗುತ್ತದೆ. ಇದಕ್ಕೆ ಹೊಸ ಯೋಜನೆಯಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ.

ಇತರ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕದಲ್ಲಿ ಬೆಳೆಯಿಂದ ಬೆಳೆಗೆ ಅಲೆಯುವ ಕೃಷಿ ಕೂಲಿಗಳ ದುಃಸ್ಥಿತಿ 1960ರಲ್ಲಿ ಒಂದು ದೂರದರ್ಶನ ಸಾಕ್ಷ್ಯಚಿತ್ರದ ಮೂಲಕ ಜನರ ಮನೆ ತಲುಪಿತು. 1966ರಲ್ಲಿ ಅವರ ಮಕ್ಕಳ ಶಿಕ್ಷಣಕ್ಕೆ ಪ್ರತ್ಯೇಕ ಕಾರ್ಯಕ್ರಮ ಜಾರಿಗೆ ಬಂತು. ಅದರಲ್ಲಿ ಮಕ್ಕಳನ್ನು ಗುರುತಿಸುವುದೇ ಒಂದು ಹುದ್ದೆ. ಆ ಹುದ್ದೆಯವರು ಹೊಲ, ತೋಟ, ಕೂಲಿಗಳ ಬಿಡಾರಗಳಿಗೆ ತಾವೇ ಹೋಗುತ್ತಾರೆ. ಕಳೆದ 36 ತಿಂಗಳಲ್ಲಿ ಕೃಷಿ ಅಥವಾ ಮೀನುಗಾರಿಕೆಯ ಕೆಲಸಕ್ಕಾಗಿ ಸ್ಥಳ ಬದಲಿಸಿದ ಕುಟುಂಬದ ಮಗುವನ್ನು ಅರ್ಹವೆಂದು ದಾಖಲಿಸುತ್ತಾರೆ. ಆ ವ್ಯವಸ್ಥೆಯಲ್ಲೂ ಕುಂದುಗಳಿವೆ. ಆದರೆ ಹುಡುಕುವುದು ಬಿಡುವಿನ ವೇಳೆಯ ಸೇವೆಯಲ್ಲ, ಸಂಬಳ ಪಡೆಯುವವನು ಮಾಡಬೇಕಾದ ಕೆಲಸ ಎಂದು ಅದು ಒಪ್ಪಿದೆ. ನಮ್ಮಲ್ಲಿ ಈ ಭಾರವನ್ನು ಈಗಾಗಲೇ ಹತ್ತು ಕೆಲಸ ಹೊತ್ತಿರುವ ಶಿಕ್ಷಕರ, ಅಂಗನವಾಡಿ ಕಾರ್ಯಕರ್ತೆಯರ ಹೆಗಲಿಗೇ ಏರಿಸುತ್ತೇವೆ. ಪ್ರತಿ ಪಾಲಿಕೆಯಲ್ಲಿ ವಲಸೆ ಮಕ್ಕಳಿಗಾಗಿಯೇ ಒಬ್ಬ ಹೊಣೆಗಾರರನ್ನು ನೇಮಿಸಿ ಎಂದು ಕೇಳುವುದು ಅತಿಯಾಸೆಯಾಗಲಾರದು.

ಕೊನೆಗೆ ನಮ್ಮ ಅಂಗಳದ ಮಾತು. ಈ ಪತ್ರಿಕೆಯ ಓದುಗರಲ್ಲಿ, ಅವರ ಮಕ್ಕಳು ನೆಂಟರಲ್ಲಿ, ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಮನೆ ಕಟ್ಟಿಸಿದವರು, ಕಟ್ಟಿಸುತ್ತಿರುವವರು ಕಡಿಮೆಯಿಲ್ಲ. ಮಲೆನಾಡಿನಲ್ಲೂ ಅಡಿಕೆ ಸುಲಿಯುವ ಕಾಲಕ್ಕೆ ಬಯಲುಸೀಮೆಯಿಂದ, ಕಾಫಿ ಹಣ್ಣು ಬಿಡಿಸುವ ಕಾಲಕ್ಕೆ ಅಸ್ಸಾಂ ಜಾರ್ಖಂಡ್‌ಗಳಿಂದ ಕುಟುಂಬಗಳು ಬಂದು ಲೈನ್ ಮನೆಗಳಲ್ಲಿ ತಂಗುತ್ತವೆ. ನಮ್ಮ ತೋಟದ ಮೇಲಿನ ಹಕ್ಕಿಯ ಹೆಸರು ಬಲ್ಲ ನಾವು ಅದೇ ತೋಟದಲ್ಲಿ ಆಡುತ್ತಿರುವ ಮಗುವಿನ ಹೆಸರನ್ನು ಕೇಳಿದ್ದೇವೆಯೇ? ಮನೆಯೊಡೆಯನೊಬ್ಬ ಮೇಸ್ತ್ರಿಗೆ ಹೇಳುವ ಒಂದು ಮಾತಿಗೆ, ತೋಟದೊಡೆಯನೊಬ್ಬ ಹತ್ತಿರದ ಶಾಲೆಗೆ ಮಾಡುವ ಒಂದು ಫೋನಿಗೆ ಇರುವ ತೂಕ ನಮ್ಮ ಹತ್ತು ಸಭೆಗಳ ನಿರ್ಣಯಕ್ಕಿಲ್ಲ.

ಆದುದರಿಂದ ಓದುಗರಲ್ಲಿ ನಮ್ಮ ಕೋರಿಕೆ ಮೂರು. ಬೆಂಗಳೂರಿನ ಈ ನಾಲ್ಕು ಬಡಾವಣೆಗಳಲ್ಲಿರುವವರು ತಮ್ಮ ಬೀದಿಯಲ್ಲಿ ನಡೆದಿರುವ ಕಟ್ಟಡ ಕಾಮಗಾರಿಗಳ ಜಾಗವನ್ನು ಬರೆದು ನಮ್ಮ ನಗರದ ಗೆಳೆಯರಿಗೆ ತಿಳಿಸಿ. ಲಂಬಾಣಿ, ತೆಲುಗು, ಹಿಂದಿ, ಬಂಗಾಳಿ ಬಲ್ಲವರು ತಿಂಗಳಿಗೆ ಎರಡು ಸಂಜೆಗಳನ್ನು ಈ ಕೆಲಸಕ್ಕೆ ಮೀಸಲಿಡಿ. ಮನೆಯನ್ನೋ ತೋಟವನ್ನೋ ಹೊಂದಿ ಕೂಲಿಯವರನ್ನು ಇರಿಸಿಕೊಂಡವರು ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಈ ವಾರವೇ ವಿಚಾರಿಸಿ. ಪಟ್ಟಿಯಲ್ಲಿ ಎಷ್ಟು ಹೆಸರುಗಳು ಸೇರಿದವೆಂಬುದನ್ನು ನಾವು ಸಾಧನೆಯೆಂದು ಪ್ರಕಟಿಸುವುದಿಲ್ಲ. ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಮೂರು ತಿಂಗಳ ಬಳಿಕವೂ ತರಗತಿಯಲ್ಲಿ ಕುಳಿತಿದ್ದಾರೆ, ಊರಿಗೆ ಮರಳಿದವರಲ್ಲಿ ಎಷ್ಟು ಮಂದಿ ಅಲ್ಲಿನ ಶಾಲೆಯನ್ನು ಮುಟ್ಟಿದ್ದಾರೆ ಎಂಬ ಲೆಕ್ಕವನ್ನು ಮುಂದಿನ ಸಂಚಿಕೆಗಳಲ್ಲಿ ನಿಮ್ಮ ಮುಂದಿಡುತ್ತೇವೆ. ಲೆಕ್ಕ ಕಡಿಮೆ ಬಂದರೆ ಕಡಿಮೆಯೆಂದೇ ಬರೆಯುತ್ತೇವೆ.